ಹಳೆಯ ಕಾರಿಗೆ ಮಂದ್ರಸ್ಥಾಯಿ

ಕಾರ್ಖಾನೆಯಿಂದಲೇ ಸ್ಟೀರಿಯೊ ಕೂಡಿಸಿಕೊಂಡು ಬಂದ, ಹತ್ತು ಹದಿನೈದು ವರ್ಷಗಳ ಬಳಕೆಯನ್ನು ಕಂಡ ಕಾರಿನಲ್ಲಿ ಕರ್ನಾಟಕ ಸಂಗೀತದ ಕಚೇರಿಯೊಂದರ ಧ್ವನಿಮುದ್ರಣವನ್ನು ಹಾಕಿ ಕೇಳಿದರೆ, ಗಾಯಕನ ಕಂಠವೂ ಪಿಟೀಲಿನ ಅನುಸರಣೆಯೂ ತೃಪ್ತಿಕರವೆನ್ನಬಹುದಾದ ಮಟ್ಟದಲ್ಲಿ ಬರುತ್ತವೆ. ಮೃದಂಗದ ಬಲಮುಖದ ಚಾಪು ಸಹ ಸ್ಫುಟವಾಗಿಯೇ ಕೇಳಿಸುತ್ತದೆ. ಆದರೆ ಎಡಮುಖವಾದ ತೊಪ್ಪಿಯ ಗಂಭೀರನಾದ ಮಾತ್ರ ಇದ್ದೂ ಇಲ್ಲದಂತಾಗಿರುತ್ತದೆ. ತಂಬೂರಿಯ ವಿಷಯವೂ ಹೀಗೆಯೇ. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಆಧಾರಷಡ್ಜವು ಸುಮಾರು 131 ಹರ್ಟ್ಸ್, ಎಂದರೆ ಸೆಕೆಂಡಿಗೆ ಅಷ್ಟು ಕಂಪನಗಳಾದರೆ, ತಂಬೂರಿಯ ಕೊನೆಯ ತಂತಿಯಾದ ಮಂದ್ರಷಡ್ಜವು ಅದರ ಅರ್ಧ, ಸುಮಾರು 65 ಹರ್ಟ್ಸ್. ಬಾಗಿಲಲ್ಲಿ ಹುದುಗಿರುವ ಆರು ಅಂಗುಲದ ಹಳೆಯ ಸ್ಪೀಕರು ಈ ಸ್ವರವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಆದರೂ ನಮಗೆ ತಂಬೂರಿ ಕೇಳಿಸುತ್ತದೆಯಲ್ಲ ಎಂದರೆ, ಅದು ಸ್ಪೀಕರಿನ ಸಾಮರ್ಥ್ಯವಲ್ಲ, ಕಿವಿಯ ಔದಾರ್ಯ. ಮೂಲಸ್ವರವು ಬಾರದಿದ್ದರೂ ಅದರ ಸ್ವಯಂಭೂಸ್ವರಗಳಾದ 131, 196, 262 ಹರ್ಟ್ಸುಗಳು ಬಂದರೆ ಸಾಕು, ಬಿಟ್ಟುಹೋದ ಮೂಲವನ್ನು ಮನಸ್ಸು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹೀಗೆ ಊಹಿಸಿಕೊಂಡ ನಾದಕ್ಕೆ ಸ್ಥಾಯಿಯುಂಟು, ತೂಕವಿಲ್ಲ. ಆ ತೂಕವನ್ನು ಒದಗಿಸತಕ್ಕ ಉಪಕರಣವೇ ಸಬ್‌ವೂಫರ್. ಅದಕ್ಕೆ ಶಕ್ತಿಯನ್ನೂಡುವುದು ಆಂಪ್ಲಿಫೈಯರ್.

ಸಬ್‌ವೂಫರೆಂದೊಡನೆ, ಗಾಜುಗಳನ್ನು ಅದುರಿಸುತ್ತ ರಾತ್ರಿಯ ಬೀದಿಯಲ್ಲಿ ಸಾಗುವ ವಾಹನಗಳನ್ನು ನೆನೆದು ಹುಬ್ಬು ಗಂಟಿಕ್ಕುವವರು ಉಂಟು. ಅವರ ಅಸಮಾಧಾನ ಸಕಾರಣವೇ. ಆದರೆ ದೋಷವು ಉಪಕರಣದ್ದಲ್ಲ, ಅದನ್ನು ನಿಯೋಜಿಸಿದ ರೀತಿಯದು. ಸರಿಯಾಗಿ ಕೂಡಿಸಿದ ಸಬ್‌ವೂಫರೆಂದರೆ, ಅದು ಇರುವುದೇ ಕೇಳುಗನ ಗಮನಕ್ಕೆ ಬಾರದೆ, ಆರಿಸಿದಾಗ ಮಾತ್ರ ಸಂಗೀತದಿಂದ ಏನೋ ಕಳೆದುಹೋಯಿತೆಂದು ಅನ್ನಿಸತಕ್ಕದ್ದು ಎಂಬುದು ನನ್ನ ಮತ. ಮುಂದೆ ಹೇಳುವುದೆಲ್ಲ ಆ ಮಿತವಾದ ಗುರಿಯನ್ನು ಉದ್ದೇಶಿಸಿದ್ದು; ಶಬ್ದಸ್ಪರ್ಧೆಗೆ ಸಜ್ಜಾಗುವವರಿಗೆ ಇದರಿಂದ ಪ್ರಯೋಜನ ಅಲ್ಪ.

ಬಾಗಿಲ ಸ್ಪೀಕರು ಮಂದ್ರದಲ್ಲಿ ಏತಕ್ಕೆ ಸೋಲುತ್ತದೆಂಬುದನ್ನು ತಿಳಿದುಕೊಳ್ಳದೆ ಹಣ ಖರ್ಚು ಮಾಡುವುದು ವಿವೇಕವಲ್ಲ. ಸ್ಪೀಕರಿನ ಕಾಗದದ ಶಂಕು, ಒಂದೇ ಪ್ರಮಾಣದ ಧ್ವನಿಯನ್ನು ಒಂದು ಸ್ಥಾಯಿ ಕೆಳಗೆ ಹುಟ್ಟಿಸಬೇಕಾದರೆ, ಮೊದಲಿಗಿಂತ ನಾಲ್ಕು ಪಟ್ಟು ದೂರ ಹಿಂದುಮುಂದಾಗಿ ಚಲಿಸಬೇಕಾಗುತ್ತದೆ. 160 ಹರ್ಟ್ಸಿನಲ್ಲಿ ಕಾಲು ಮಿಲಿಮೀಟರಿನ ಚಲನೆ ಸಾಕಾದರೆ, 80ರಲ್ಲಿ ಒಂದು ಮಿಲಿಮೀಟರೂ 40ರಲ್ಲಿ ನಾಲ್ಕು ಮಿಲಿಮೀಟರೂ ಬೇಕು. ಅಷ್ಟು ದೂರ ಚಲಿಸುವಂತೆ ಆ ಸ್ಪೀಕರನ್ನು ಯಾರೂ ನಿರ್ಮಿಸಿಲ್ಲ. ಅದರ ಮೇಲೆ, ಬಾಗಿಲಿನ ತೆಳುತಗಡಿನಲ್ಲಿ ಅಲ್ಲಲ್ಲಿ ರಂಧ್ರಗಳಿರುವುದರಿಂದ ಶಂಕುವಿನ ಹಿಂಬದಿಯಿಂದ ಹೊರಟ ಅಲೆಯು ಮುಂಬದಿಯ ಅಲೆಯೊಡನೆ ಬೆರೆತು ಅದನ್ನು ಅಳಿಸಿಹಾಕುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಓಡಿದ ಕಾರಾದರೆ, ಕಿಟಕಿಯ ಗಾಜಿನ ಸಂದಿನಿಂದ ಇಳಿದ ಮಳೆನೀರು ಎಷ್ಟೋ ವರ್ಷ ಆ ಕಾಗದವನ್ನು ತೋಯಿಸಿ ಒಣಗಿಸಿ ಸತ್ವಹೀನವನ್ನಾಗಿ ಮಾಡಿರುತ್ತದೆ.

ಇನ್ನು ಶಕ್ತಿಯ ಮಾತು. ಸ್ಟೀರಿಯೊದ ಮುಖದ ಮೇಲೆ ನಾಲ್ಕು ಸ್ಪೀಕರುಗಳಿಗೂ ತಲಾ 45 ಅಥವಾ 50 ವಾಟ್ ಎಂದು ಅಚ್ಚಾಗಿರುವುದನ್ನು ಕಂಡು, ಇಷ್ಟು ಸಾಲದೆ ಎಂದು ಕೇಳುವವರಿದ್ದಾರೆ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತಿನ ಒತ್ತಡ ಸುಮಾರು 14.4 ವೋಲ್ಟ್, ಸೆಟ್ಟಿನೊಳಗಿನ ಚಿಕ್ಕ ಆಂಪ್ಲಿಫೈಯರ್ ಐಸಿಯು ಯಾವ ನಷ್ಟವೂ ಇಲ್ಲದೆ ಇಷ್ಟನ್ನೂ ಸ್ಪೀಕರಿಗೆ ದಾಟಿಸಿತೆಂದು ಭಾವಿಸಿದರೂ, ಶುದ್ಧವಾದ ನಾದದ ಅಲೆಯಲ್ಲಿ ಅದರ ಪರಿಣಾಮಕಾರಿ ಮೌಲ್ಯ, ಎಂದರೆ ಆರ್‌ಎಂಎಸ್, 10.2 ವೋಲ್ಟ್ ಆಗುತ್ತದೆ. ಅದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ ಬರುವುದು 26 ವಾಟ್. ಐಸಿಯ ಸ್ವಂತ ನಷ್ಟವನ್ನು ಕಳೆದರೆ ನಿಜವಾಗಿ ದೊರೆಯುವುದು 15ರಿಂದ 18 ವಾಟ್. ಅಚ್ಚಾದ ಸಂಖ್ಯೆಯು ಕ್ಷಣಮಾತ್ರದ, ವಿಕೃತಿಯಿಂದ ಕೂಡಿದ ಶಕ್ತಿಯದೇ ಹೊರತು ಸಂಗೀತಕ್ಕೆ ಒದಗತಕ್ಕದ್ದಲ್ಲ. ಸೆಟ್ಟಿನ ಬಾಸ್ ಗುಬುಟನ್ನು ಪೂರ್ತಿ ತಿರುಗಿಸುವುದರಿಂದ ಈ ಕೊರತೆಯನ್ನು ನೀಗಬಹುದೆಂಬ ಆಸೆಯೂ ವ್ಯರ್ಥ. ಹಾಗೆ ತಿರುಗಿಸಿದಾಗ ಆ ಹದಿನೈದು ವಾಟ್‌ಗಳು ಮಂದ್ರದಲ್ಲಿಯೇ ಮುಗಿದುಹೋಗಿ ಗಾಯಕನ ಕಂಠವೂ ಒಡೆಯತೊಡಗುತ್ತದೆ.

ಹಾಗಾದರೆ ಸೆಟ್ಟನ್ನೇ ತೆಗೆದು ಹೊಸದನ್ನು ಹಾಕಬಾರದೇಕೆ ಎಂದರೆ, ಹಾಕಬಹುದು. ಹಳೆಯ ಮಾರುತಿ 800 ಮುಂತಾದವುಗಳಲ್ಲಿ ಸ್ಟೀರಿಯೊಗೆ ಪ್ರತ್ಯೇಕವಾದ ಚೌಕದ ಜಾಗವಿದ್ದುದರಿಂದ ಅದು ಸುಲಭವೂ ಹೌದು. ಆದರೆ 2005ರಲ್ಲಿ ಬಂದ ಮೊದಲ ಸ್ವಿಫ್ಟಿನಂಥ ಕಾರುಗಳ ಕಾಲದಿಂದ ಈಚೆಗೆ ಸೆಟ್ಟು ಡ್ಯಾಶ್‌ಬೋರ್ಡಿನ ಅಂಗವಾಗಿಯೇ ರೂಪುಗೊಂಡು ಬರತೊಡಗಿತು. ಅದನ್ನು ಕಿತ್ತು ಹೊಸದನ್ನು ಕೂಡಿಸಬೇಕಾದರೆ ಬೇರೊಂದು ಚೌಕಟ್ಟು ಬೇಕು, ಎಷ್ಟು ನಾಜೂಕಾಗಿ ಕೂಡಿಸಿದರೂ ಹೊಂದಿಕೆಯಾಗದು. ಮೂಲ ರೂಪ ಕೆಡದ ಹಳೆಯ ಕಾರಿಗೆ ಒಂದು ಗೌರವವಿರುತ್ತದೆ. ಕಾರ್ಖಾನೆಯ ಸೆಟ್ಟನ್ನು ಇದ್ದಲ್ಲಿಯೇ ಇರಿಸಿ, ಅದಕ್ಕೆ ಎಟುಕದ ಕೆಳಗಿನ ಒಂದೂವರೆ ಸ್ಥಾಯಿಯನ್ನು ಮಾತ್ರ ಬೇರೆ ಉಪಕರಣಕ್ಕೆ ವಹಿಸುವುದು ನನಗೆ ಹೆಚ್ಚು ಒಪ್ಪಿತವಾದ ಮಾರ್ಗ.

ಈ ಉಪಕರಣದಲ್ಲಿ ಎರಡು ಬಗೆ. ಆಂಪ್ಲಿಫೈಯರನ್ನೂ ಎಂಟು ಅಂಗುಲದ ಸ್ಪೀಕರನ್ನೂ ಒಂದೇ ಲೋಹದ ಕವಚದಲ್ಲಿ ಅಡಗಿಸಿ ಸೀಟಿನ ಕೆಳಗೆ ತೂರಿಸಬಹುದಾದಂತೆ ಮಾಡಿದ ಚಪ್ಪಟೆಯ ಪೆಟ್ಟಿಗೆ ಒಂದು. ಡಿಕ್ಕಿಯಲ್ಲಿ ಇರಿಸುವ ಹತ್ತು ಅಥವಾ ಹನ್ನೆರಡು ಅಂಗುಲದ ಸ್ಪೀಕರಿನ ಮರದ ಪೆಟ್ಟಿಗೆ ಮತ್ತು ಬೇರೆ ಆಂಪ್ಲಿಫೈಯರ್ ಇನ್ನೊಂದು. ಮೊದಲನೆಯದು ಏಳೆಂಟು ಸೆಂಟಿಮೀಟರಿನಷ್ಟೇ ಎತ್ತರವಿದ್ದು, ಸೀಟನ್ನು ಹಿಂದುಮುಂದೆ ಸರಿಸುವ ಹಳಿಗಳ ನಡುವೆ ಕೂತುಕೊಳ್ಳಬಲ್ಲದು. ಆದರೆ ಕೊಳ್ಳುವುದಕ್ಕೆ ಮೊದಲು ಸೀಟನ್ನು ಅದರ ಎಲ್ಲ ಸ್ಥಾನಗಳಿಗೂ ಸರಿಸಿ, ಯಾರನ್ನಾದರೂ ಮೇಲೆ ಕೂರಿಸಿ, ಕೆಳಗಿನ ಎಡೆಯನ್ನು ಅಳೆದುಕೊಂಡಿರಬೇಕು. ಸಣ್ಣ ಕಾರಿಗೂ, ಡಿಕ್ಕಿಯಲ್ಲಿ ಎಲ್‌ಪಿಜಿ ಅಥವಾ ಸಿಎನ್‌ಜಿ ಸಿಲಿಂಡರ್ ಇರುವ ಕಾರಿಗೂ ನಾನು ಇದನ್ನೇ ಸೂಚಿಸುತ್ತೇನೆ. ತೊಪ್ಪಿಯ ನಾದಕ್ಕೂ ತಂಬೂರಿಗೂ ಹಳೆಯ ಚಿತ್ರಗೀತೆಗಳ ಡಬಲ್ ಬಾಸಿಗೂ ಇದು ಯಥೇಷ್ಟ.

ಮರದ ಪೆಟ್ಟಿಗೆಯನ್ನು ಆರಿಸುವವರು ಸಂಪೂರ್ಣ ಮುಚ್ಚಿದ್ದನ್ನು ತೆಗೆದುಕೊಳ್ಳಬೇಕೋ ರಂಧ್ರವಿರುವುದನ್ನು ತೆಗೆದುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಅಂಗಡಿಯವನು ಸಾಮಾನ್ಯವಾಗಿ ರಂಧ್ರವಿರುವುದನ್ನು ಹೊಗಳುತ್ತಾನೆ, ಏತಕ್ಕೆಂದರೆ ಅದು ಹೆಚ್ಚು ಗದ್ದಲ ಮಾಡುತ್ತದೆ. ಆದರೆ ಕಾರಿನ ಒಳಾಂಗಣಕ್ಕೆ ತನ್ನದೇ ಆದ ಒಂದು ಗುಣವಿದೆ. ಅಲೆಯ ಅರ್ಧ ಉದ್ದವು ಒಳಾಂಗಣದ ಉದ್ದವನ್ನು ಮೀರಿತೆಂದರೆ, ಅಲ್ಲಿಂದ ಕೆಳಗೆ ಸ್ಪೀಕರು ಅಲೆಯನ್ನು ಹೊರಡಿಸುವುದಕ್ಕಿಂತ ಹೆಚ್ಚಾಗಿ ಒಳಗಿನ ಗಾಳಿಯನ್ನೇ ಒತ್ತಿ ಸಡಿಲಿಸುತ್ತದೆ. ಎರಡೂವರೆ ಮೀಟರಿನ ಒಳಾಂಗಣವುಳ್ಳ ಸಣ್ಣ ಕಾರಿನಲ್ಲಿ ಇದು ಸುಮಾರು 69 ಹರ್ಟ್ಸಿನಿಂದಲೇ ಆರಂಭವಾಗಿ, ಸೈದ್ಧಾಂತಿಕವಾಗಿ ಪ್ರತಿ ಸ್ಥಾಯಿಗೂ 12 ಡೆಸಿಬೆಲ್‌ನಂತೆ ಏರುತ್ತ ಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯ ಧ್ವನಿಯೋ, ತನ್ನ ಸಹಜ ಅನುರಣನದ ಕೆಳಗೆ ಅದೇ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಏರಿಕೆಯೂ ಇಳಿಕೆಯೂ ಒಂದನ್ನೊಂದು ಸರಿದೂಗಿಸುವುದರಿಂದ, ಕೋಣೆಯಲ್ಲಿ ಬಡವಾಗಿ ಕೇಳಿಸುವ ಮುಚ್ಚಿದ ಪೆಟ್ಟಿಗೆಯು ಕಾರಿನಲ್ಲಿ ಆಶ್ಚರ್ಯಕರವಾದ ಆಳವನ್ನು ಪಡೆಯುತ್ತದೆ. ಬಾಗಿಲುಗಳ ಸಂದುಗಳಿಂದ ಗಾಳಿ ಸೋರುವುದರಿಂದ ಲಾಭವು ಲೆಕ್ಕದಷ್ಟು ಪೂರ್ತಿಯಾಗಿ ಒದಗದಿದ್ದರೂ, ಕಾರೇ ಪುಕ್ಕಟೆಯಾಗಿ ಕೊಡುವ ಈ ಸಹಾಯವನ್ನು ಬಿಟ್ಟು ರಂಧ್ರದ ಪೆಟ್ಟಿಗೆಯನ್ನು ತಂದರೆ ಮಂದ್ರವು ಅತಿಯಾಗಿ ಊದಿಕೊಂಡು ಒಂದೇ ಸ್ವರದಲ್ಲಿ ಗುಂಯ್ಗುಡುವ ಸಂಭವ ಹೆಚ್ಚು.

ಪೆಟ್ಟಿಗೆಯ ಗಾತ್ರವನ್ನು ಕಣ್ಣಂದಾಜಿನಿಂದ ನಿರ್ಧರಿಸುವ ಕಾಲ ಹೋಯಿತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ಅವರ ದಾರಿಯನ್ನೇ ಹಿಡಿದು ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿಯೂ ಪ್ರಕಟಿಸಿದ ಲೇಖನಗಳಿಂದಾಗಿ, ಇಂದು ಒಳ್ಳೆಯ ಸ್ಪೀಕರಿನ ಜೊತೆಗೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಮೂರು ಸಂಖ್ಯೆಗಳು, ಎಂದರೆ ಕ್ರಮವಾಗಿ ಸ್ಪೀಕರಿನ ಸ್ವಂತ ಅನುರಣನ, ಆ ಅನುರಣನದ ತೀಕ್ಷ್ಣತೆ, ಅದರ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ, ಇದ್ದೇ ಇರುತ್ತವೆ. ವಿಎಎಸ್ ಅನ್ನು ಮುಚ್ಚಿದ ಪೆಟ್ಟಿಗೆಯ ಒಳಗಾತ್ರದಿಂದ ಭಾಗಿಸಿ, ಒಂದನ್ನು ಕೂಡಿಸಿ, ಅದರ ವರ್ಗಮೂಲದಿಂದ ಕ್ಯೂಟಿಎಸ್ ಅನ್ನು ಗುಣಿಸಿದರೆ ಬರುವ ಸಂಖ್ಯೆಯು 0.7ರ ಸಮೀಪದಲ್ಲಿರಬೇಕು. ಉದಾಹರಣೆಗೆ ಕ್ಯೂಟಿಎಸ್ 0.5, ವಿಎಎಸ್ 30 ಲೀಟರ್ ಇರುವ ಸ್ಪೀಕರಿಗೆ 30 ಲೀಟರಿನ ಪೆಟ್ಟಿಗೆಯೇ ತಕ್ಕುದು. ಅದೇ ವರ್ಗಮೂಲದಿಂದ ಎಫ್‌ಎಸ್ ಅನ್ನೂ ಗುಣಿಸಿದರೆ, 32 ಹರ್ಟ್ಸ್ ಇದ್ದದ್ದು 45 ಆಗುತ್ತದೆ, ಅದೇ ಪೆಟ್ಟಿಗೆಯಲ್ಲಿ ಸ್ಪೀಕರಿನ ಅನುರಣನ. ಈ ಸಂಖ್ಯೆಗಳೇ ಇಲ್ಲದ ಸ್ಪೀಕರನ್ನು ಕೊಳ್ಳದಿರುವುದು ಲೇಸು. ಹಲಗೆಯು 18 ಮಿಲಿಮೀಟರಿನ ಎಂಡಿಎಫ್ ಆಗಿದ್ದು, ಕೀಲುಗಳಲ್ಲಿ ಗಾಳಿ ಸೋರದಂತೆ ಅಂಟು ಬಳಿದಿರಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯಾಗಲಿ ಬೇರೆ ಊರಿನ ಮಾರುಕಟ್ಟೆಯಲ್ಲಿಯಾಗಲಿ, ಆಂಪ್ಲಿಫೈಯರುಗಳ ಡಬ್ಬಿಯ ಮೇಲೆ 1,200 ವಾಟ್, 2,000 ವಾಟ್ ಎಂಬ ಸಂಖ್ಯೆಗಳು ದಪ್ಪಕ್ಷರಗಳಲ್ಲಿ ರಾರಾಜಿಸುವುದನ್ನು ನೋಡಬಹುದು. ಅವುಗಳ ಸತ್ಯಾಸತ್ಯವನ್ನು ಅರಿಯುವುದಕ್ಕೆ ಡಬ್ಬಿಯನ್ನು ಓದಬೇಕಾಗಿಲ್ಲ. ಉಪಕರಣದ ಬದಿಯಲ್ಲಿ ಸಿಕ್ಕಿಸಿರುವ ಫ್ಯೂಸನ್ನು ಓದಿದರೆ ಸಾಕು. ಅಲ್ಲಿ 15 ಆಂಪಿಯರಿನ ಒಂದೇ ಫ್ಯೂಸ್ ಇದ್ದರೆ, ಅದು ಎಡೆಬಿಡದೆ ಸೆಳೆಯಬಹುದಾದದ್ದು 14.4 ವೋಲ್ಟಿನಲ್ಲಿ 216 ವಾಟ್. ಅದರಲ್ಲಿ ಮುಕ್ಕಾಲು ಪಾಲು ಧ್ವನಿಗೆ ದೊರೆತರೂ 162ಕ್ಕೆ ಮೇಲಿಲ್ಲ. ಉಳಿದ ಸಾವಿರವೂ ಡಬ್ಬಿಯ ಮೇಲಿನ ಶಾಯಿಯದು. ನೋಡತಕ್ಕದ್ದು ಆರ್‌ಎಂಎಸ್ ವಾಟ್ ಒಂದನ್ನೇ; ಮತ್ತು ಶಕ್ತಿಯನ್ನು ಇಮ್ಮಡಿಸಿದರೆ ಧ್ವನಿಯು ಮೂರೇ ಡೆಸಿಬೆಲ್ ಹೆಚ್ಚುವುದೆಂಬುದನ್ನೂ, ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕೆಂಬುದನ್ನೂ ನೆನಪಿನಲ್ಲಿಟ್ಟರೆ, 150 ವಾಟಿಗೂ 300 ವಾಟಿಗೂ ನಡುವಣ ಬೆಲೆಯ ವ್ಯತ್ಯಾಸವನ್ನು ಉಳಿಸಿ ಒಳ್ಳೆಯ ವೈರಿಗೆ ವಿನಿಯೋಗಿಸುವ ಬುದ್ಧಿ ತಾನಾಗಿ ಬರುತ್ತದೆ. ಹಳೆಯ ಕಾರಿಗೆ ಡಿ ವರ್ಗದ, ಎಂದರೆ ನೂರಕ್ಕೆ ಎಂಬತ್ತರಷ್ಟು ದಕ್ಷತೆಯುಳ್ಳ, 150 ವಾಟಿನ ಆಂಪ್ಲಿಫೈಯರ್ ಪ್ರಶಸ್ತವಾದದ್ದು. ಅದು ಪೂರ್ಣಶಕ್ತಿಯಲ್ಲಿ ಸೆಳೆಯುವುದು ಸುಮಾರು 13 ಆಂಪಿಯರ್, ಸಂಗೀತದ ಏರಿಳಿತಗಳ ಸರಾಸರಿಯಲ್ಲಿ ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟನ್ನು ಹಳೆಯ ಆಲ್ಟರ್ನೇಟರೂ ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯೂ ಆಯಾಸವಿಲ್ಲದೆ ಹೊರಬಲ್ಲವು.

ಕಾರ್ಖಾನೆಯ ಸೆಟ್ಟಿನಿಂದ ಸಂಗೀತದ ಸಂಕೇತವನ್ನು ಹೊರತೆಗೆಯುವುದು ಹೇಗೆ? ಹೊಸ ಸೆಟ್ಟುಗಳ ಬೆನ್ನಲ್ಲಿರುವಂತೆ ಆರ್‌ಸಿಎ ಸಾಕೆಟ್ಟುಗಳು ಇದರಲ್ಲಿರುವುದಿಲ್ಲ. ಇರುವುದು ಸ್ಪೀಕರಿಗೆ ಹೋಗುವ ವೈರುಗಳು ಮಾತ್ರ. ಆಂಪ್ಲಿಫೈಯರಿನಲ್ಲಿಯೇ ‘ಹೈ ಲೆವೆಲ್’ ಒಳದಾರಿ ಇದ್ದರೆ ಆ ವೈರುಗಳಿಂದ ಕವಲು ತೆಗೆದು ನೇರವಾಗಿ ಅಲ್ಲಿಗೆ ಕೊಡಬಹುದು. ಸೀಟಿನಡಿಯ ಪೆಟ್ಟಿಗೆಗಳಲ್ಲಿ ಬಹುತೇಕ ಇದು ಇರುತ್ತದೆ. ಇಲ್ಲದಿದ್ದರೆ ಅಂಗಡಿಯವರು ‘ಹೈ-ಲೋ ಕನ್ವರ್ಟರ್’ ಎಂದು ಕರೆಯುವ ಸಣ್ಣ ಡಬ್ಬಿಯನ್ನು ನಡುವೆ ಹಾಕಬೇಕು. ಕವಲನ್ನು ಎಡಬಲ ಎರಡೂ ಮುಂದಿನ ಸ್ಪೀಕರುಗಳಿಂದ ತೆಗೆಯುವುದು ಒಳ್ಳೆಯದು. ಹಿಂದಿನವುಗಳಿಂದ ತೆಗೆದರೆ ಧ್ವನಿಯನ್ನು ಮುಂದಕ್ಕೆ ಸರಿಸಿದಾಗಲೆಲ್ಲ ಸಬ್‌ವೂಫರ್ ಬಡವಾಗುತ್ತದೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಇಂಥ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ವೈರುಗಳ ಪೈಕಿ ಯಾವುದೂ ಅರ್ಥ್ ಅಲ್ಲ. ಎರಡರಲ್ಲಿಯೂ, ಕಾರಿನ ಬಾಡಿಗೆ ಹೋಲಿಸಿದರೆ, ಬ್ಯಾಟರಿಯ ಒತ್ತಡದ ಅರ್ಧದಷ್ಟು, ಆರೇಳು ವೋಲ್ಟ್ ನೇರವಿದ್ಯುತ್ತು ಸದಾ ನಿಂತಿರುತ್ತದೆ. ಈ ಮರ್ಮವನ್ನರಿಯದ ಕೈಯೊಂದು, ‘ಮೈನಸ್ ಎಂದರೆ ಬಾಡಿಯೇ ಅಲ್ಲವೆ’ ಎಂದು ಸ್ಪೀಕರಿನ ಮೈನಸ್ ವೈರನ್ನು ತಗಡಿಗೆ ಬಿಗಿದರೆ, ಸೆಟ್ಟಿನ ಐಸಿ ಆ ಕ್ಷಣದಲ್ಲಿಯೇ ಸುಟ್ಟುಹೋಗಬಹುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತಗಡಿಗೂ ಇನ್ನೊಂದನ್ನು ಸ್ಪೀಕರಿನ ವೈರಿಗೂ ಮುಟ್ಟಿಸಿ ನೋಡಿದರೆ ಸಂಶಯ ನಿವಾರಣೆಯಾಗುತ್ತದೆ. ವೈರುಗಳ ಪ್ಲಸ್ಸು ಮೈನಸ್ಸುಗಳ ಬಣ್ಣ ಕಾರಿನಿಂದ ಕಾರಿಗೆ ಬೇರೆಯಾದ್ದರಿಂದ ಬಣ್ಣವನ್ನು ನಂಬಬಾರದು. ಸೆಟ್ಟಿನಿಂದ ಬಿಡಿಸಿದ ಜೋಡಿವೈರಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದಾಗ ಸ್ಪೀಕರಿನ ಶಂಕು ಹೊರಕ್ಕೆ ನೆಗೆದರೆ, ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಪ್ಲಸ್.

ಆಂಪ್ಲಿಫೈಯರನ್ನು ಎಬ್ಬಿಸುವ ‘ರಿಮೋಟ್’ ವೈರಿನ ಪ್ರಶ್ನೆಯೂ ಇದೆ. ಕೆಲವು ಆಂಪ್ಲಿಫೈಯರುಗಳು ಮೇಲೆ ಹೇಳಿದ ಆರೇಳು ವೋಲ್ಟನ್ನು ಕಂಡೇ ತಾವಾಗಿ ಎಚ್ಚರಗೊಳ್ಳುತ್ತವೆ. ಆ ಸೌಲಭ್ಯವಿಲ್ಲದಿದ್ದರೆ, ಕೀಲಿಯನ್ನು ಒಂದು ಹಂತ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಫ್ಯೂಸೊಂದರಿಂದ ಇದನ್ನು ತೆಗೆದುಕೊಳ್ಳಬೇಕು. ಅವಸರದಲ್ಲಿ ಬ್ಯಾಟರಿಯ ಪ್ಲಸ್ಸಿಗೇ ಕಟ್ಟಿಬಿಟ್ಟರೆ, ಸದ್ದಿಲ್ಲದಿದ್ದಾಗಲೂ ಸುಮಾರು ಒಂದು ಆಂಪಿಯರ್ ವಿದ್ಯುತ್ತು ಎಡೆಬಿಡದೆ ಸೋರಿ, ಎರಡು ದಿನ ನಿಂತ ಕಾರು ಮೂರನೆಯ ದಿನ ಸ್ಟಾರ್ಟ್ ಆಗುವುದಿಲ್ಲ.

ಇಡೀ ಕಾರ್ಯದಲ್ಲಿ ಅತ್ಯಂತ ಮುಖ್ಯವಾದದ್ದೂ ಅತ್ಯಂತ ಅಲಕ್ಷ್ಯಕ್ಕೊಳಗಾಗುವುದೂ ವಿದ್ಯುತ್ತಿನ ವೈರು. ಬ್ಯಾಟರಿಯು ಬಾನೆಟ್ಟಿನ ಅಡಿಯಲ್ಲಿ, ಆಂಪ್ಲಿಫೈಯರ್ ಡಿಕ್ಕಿಯಲ್ಲಿ. ನಡುವೆ ಐದು ಮೀಟರಿನ ಹಾದಿ. ಒಂದು ಚದರ ಮಿಲಿಮೀಟರಿನ ಅಡ್ಡಕೊಯ್ತದ ಒಂದು ಮೀಟರ್ ತಾಮ್ರದ ತಂತಿಗೆ 0.0172 ಓಮ್ ರೋಧವಿರುವುದರಿಂದ, ಮನೆಯ ವೈರಿಂಗಿನಲ್ಲಿ ಮಿಕ್ಕ 2.5 ಚದರ ಮಿಲಿಮೀಟರಿನ ವೈರನ್ನೇ ಇಲ್ಲಿಗೂ ಎಳೆದು, 30 ಆಂಪಿಯರ್ ಸೆಳೆಯುವ ದೊಡ್ಡ ಆಂಪ್ಲಿಫೈಯರನ್ನು ಕಟ್ಟಿದರೆ, ಒಂದು ವೋಲ್ಟ್ ಹಾದಿಯಲ್ಲಿಯೇ ನಷ್ಟವಾಗುವುದಲ್ಲದೆ 31 ವಾಟಿನಷ್ಟು ಶಾಖವು ಆ ವೈರಿನ ಉದ್ದಕ್ಕೂ ಹುಟ್ಟುತ್ತದೆ. ಅದು ಐದು ಮೀಟರಿಗೆ ಹರಡಿಕೊಂಡಿದ್ದರೂ, 25 ವಾಟಿನ ಬೆಸುಗೆಕಡ್ಡಿಗಿಂತ ಹೆಚ್ಚಿನ ಶಾಖವನ್ನು ಕಾರ್ಪೆಟ್ಟಿನ ಕೆಳಗೆ ಮುಚ್ಚಿಟ್ಟಂತಾಯಿತು. ಎಂಟು ಗೇಜಿನ, ಎಂದರೆ ಸುಮಾರು 8 ಚದರ ಮಿಲಿಮೀಟರಿನ, ಶುದ್ಧ ತಾಮ್ರದ ವೈರಾದರೆ ನಷ್ಟವು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 300 ವಾಟಿನವರೆಗೆ ಇದೇ ಸಾಕು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ದೊರೆಯುವ ಕಿಟ್ಟುಗಳ ವೈರು ಎಷ್ಟೋ ಸಲ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪವಿರುವಂಥದು. ಅದರ ವಾಹಕತೆ ತಾಮ್ರದ ಮೂರನೆಯ ಎರಡು ಪಾಲಿನಷ್ಟು. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಹಿಂದಿರುಗಿಸಿ.

ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಒಂದು ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನಲ್ಲಿಯೇ ಫ್ಯೂಸ್ ಇದೆಯಲ್ಲ ಎಂದು ವಾದಿಸುವ ಕೆಲಸಗಾರರು ಇದ್ದಾರೆ. ಅದು ಆಂಪ್ಲಿಫೈಯರನ್ನು ಕಾಯುವುದು, ಇದು ವೈರನ್ನು ಕಾಯುವುದು. ಎಂಜಿನ್ನಿನ ಕೋಣೆಗೂ ಒಳಾಂಗಣಕ್ಕೂ ನಡುವೆ ಇರುವ ತಗಡಿನ ಗೋಡೆಯಲ್ಲಿ ವೈರು ಹಾಯುವೆಡೆ ರಬ್ಬರಿನ ಗ್ರಾಮೆಟ್ ಹಾಕದೆ ಬಿಟ್ಟರೆ, ವರ್ಷಗಳ ಅದುರಾಟದಲ್ಲಿ ತಗಡಿನ ಅಂಚು ಹೊದಿಕೆಯನ್ನು ಕೊಯ್ದು ತಾಮ್ರವನ್ನು ಮುಟ್ಟುತ್ತದೆ. ಆಗ ಬ್ಯಾಟರಿಯ ಪೂರ್ಣ ಶಕ್ತಿಯೂ ಆ ಒಂದು ಬಿಂದುವಿನಲ್ಲಿ ಹರಿಯುವುದನ್ನು ತಡೆಯತಕ್ಕದ್ದು ಈ ಫ್ಯೂಸ್ ಒಂದೇ. ಕಾರುಗಳು ಹೊತ್ತಿ ಉರಿದ ಸುದ್ದಿಗಳನ್ನು ಓದುವಾಗ, ಸಂಗೀತದ ಮೇಲೆ ಎಷ್ಟೋ ಖರ್ಚು ಮಾಡಿದವರು ಈ ಸಣ್ಣ ಫ್ಯೂಸಿನಲ್ಲಿ ಉಳಿತಾಯ ಮಾಡಿದ್ದರೇನೋ ಎಂಬ ಸಂಶಯ ನನ್ನನ್ನು ಬಿಡುವುದಿಲ್ಲ.

ಅರ್ಥ್ ವೈರು ಪ್ಲಸ್ಸಿನಷ್ಟೇ ದಪ್ಪವಾಗಿಯೂ ಅರ್ಧ ಮೀಟರಿಗೆ ಮೀರದಷ್ಟು ಗಿಡ್ಡವಾಗಿಯೂ ಇದ್ದು, ಬಣ್ಣವನ್ನು ಪೂರ್ತಿ ಕೆರೆದು ಹೊಳೆಯುವಂತೆ ಮಾಡಿದ ತಗಡಿಗೆ ಬೋಲ್ಟಿನಿಂದ ಬಿಗಿಯಲ್ಪಟ್ಟಿರಬೇಕು; ಸೀಟ್‌ಬೆಲ್ಟಿನ ಬೋಲ್ಟು ಎಷ್ಟೇ ಅನುಕೂಲವಾಗಿ ಕಂಡರೂ ಅದನ್ನು ಮುಟ್ಟಕೂಡದು. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಬಾಳಿದ ಕಾರಿನಲ್ಲಿ ಒಳ್ಳೆಯ ತಗಡನ್ನು ಹುಡುಕುವುದೇ ಒಂದು ಕೆಲಸ; ಸಿಕ್ಕ ಮೇಲೆ ಬಿಗಿದ ಜಾಗಕ್ಕೆ ಗ್ರೀಸನ್ನೋ ಬಣ್ಣವನ್ನೋ ಬಳಿದು ತುಕ್ಕಿನಿಂದ ರಕ್ಷಿಸಬೇಕು. ಡಿಕ್ಕಿಯ ನೆಲಕ್ಕೆ ತೂತು ಕೊರೆಯುವುದಕ್ಕೆ ಮೊದಲು ಒಮ್ಮೆ ಕಾರಿನಡಿ ಬಗ್ಗಿ ನೋಡುವುದು ಅಗತ್ಯ, ಏಕೆಂದರೆ ಅನೇಕ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಅಥವಾ ಡಿಕ್ಕಿಯ ನೆಲದ ಕೆಳಗೇ ಇದ್ದು, ಬ್ರೇಕಿನ ಕೊಳವೆಗಳೂ ಅಲ್ಲಿಯೇ ಹಾಯುತ್ತವೆ. ವಿದ್ಯುತ್ತಿನ ವೈರು ಕಾರಿನ ಒಂದು ಮಗ್ಗುಲಲ್ಲಿಯೂ ಸಂಕೇತದ ವೈರು ಇನ್ನೊಂದು ಮಗ್ಗುಲಲ್ಲಿಯೂ ಹೋಗಲಿ. ಆ್ಯಕ್ಸಿಲರೇಟರನ್ನು ಒತ್ತಿದಂತೆಲ್ಲ ಏರುತ್ತ ಹೋಗುವ ಕೀರಲು ಸದ್ದು ಸ್ಪೀಕರಿನಲ್ಲಿ ಕೇಳಿದರೆ ಅದು ಆಲ್ಟರ್ನೇಟರಿನದು. ಮೊದಲು ಸಂಶಯಪಡಬೇಕಾದದ್ದು ಅರ್ಥನ್ನು. ಈ ಕೆಲಸವನ್ನೆಲ್ಲ ಬ್ಯಾಟರಿಯ ಮೈನಸ್ ಟರ್ಮಿನಲ್ಲನ್ನು ಬಿಚ್ಚಿಟ್ಟೇ ಮಾಡಬೇಕೆಂದು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ನನಿಗೆ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾಗಿ ಬಂದರೆ ಬೇರೊಬ್ಬನನ್ನು ಹುಡುಕುವುದು ಮೇಲು.

ಇನ್ನು ಶ್ರುತಿಗೂಡಿಸುವ ಕಾರ್ಯ. ಆಂಪ್ಲಿಫೈಯರಿನ ‘ಗೇನ್’ ಗುಬುಟು ವಾಲ್ಯೂಮ್ ಅಲ್ಲ. ಸೆಟ್ಟಿನಿಂದ ಬರುವ ಸಂಕೇತದ ಪ್ರಮಾಣಕ್ಕೆ ಆಂಪ್ಲಿಫೈಯರನ್ನು ಹೊಂದಿಸುವುದಷ್ಟೇ ಅದರ ಕೆಲಸ. ಸೆಟ್ಟಿನ ಬಾಸ್, ಟ್ರೆಬಲ್‌ಗಳನ್ನು ಮಧ್ಯಕ್ಕೆ ತಂದು, ಲೌಡ್‌ನೆಸ್ ಆರಿಸಿ, ಸಬ್‌ವೂಫರಿನ ವೈರನ್ನು ಬಿಡಿಸಿ, ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, 50 ಹರ್ಟ್ಸಿನ ಪರೀಕ್ಷಾನಾದವನ್ನು ಹಾಕಿ, ಆಂಪ್ಲಿಫೈಯರಿನ ಹೊರದಾರಿಯಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟನ್ನು ಅಳೆಯುತ್ತ ಗೇನನ್ನು ನಿಧಾನವಾಗಿ ಹೆಚ್ಚಿಸಿ. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಲ್ಲಿ ನಿಲ್ಲಿಸಬೇಕೆಂಬುದು ದೊರೆಯುತ್ತದೆ. 150 ವಾಟಿಗೂ 4 ಓಮಿಗೂ ಅದು 24.5 ವೋಲ್ಟ್. ನಮ್ಮ ಮನೆಯ ವಿದ್ಯುತ್ತೂ 50 ಹರ್ಟ್ಸಿನದೇ ಆದ್ದರಿಂದ ಅಗ್ಗದ ಮೀಟರು ಸಹ ಈ ನಾದದಲ್ಲಿ ಸುಳ್ಳು ಹೇಳುವುದಿಲ್ಲ. ಸೀಟಿನಡಿಯ ಪೆಟ್ಟಿಗೆಯಲ್ಲಿ ಹೊರದಾರಿ ಕೈಗೆ ಸಿಗುವುದಿಲ್ಲ. ಅಲ್ಲಿ ಕಿವಿಯೇ ಪ್ರಮಾಣ.

ಕೆಳಗಿನ ಸ್ವರಗಳನ್ನಷ್ಟೇ ದಾಟಿಸುವ ಲೋ-ಪಾಸ್ ಫಿಲ್ಟರನ್ನು 80 ಹರ್ಟ್ಸಿನಲ್ಲಿ ನಿಲ್ಲಿಸಬೇಕು. ಅದಕ್ಕಿಂತ ಕೆಳಗಿನ ನಾದವು ಎಲ್ಲಿಂದ ಬರುತ್ತಿದೆಯೆಂಬುದನ್ನು ಕಿವಿಯು ಗುರುತಿಸಲಾರದು. ಮೇಲಕ್ಕೆ ಏರಿಸಿದರೆ ಮೃದಂಗವಾದಕ ಡಿಕ್ಕಿಯಲ್ಲಿ ಕೂತು ಬಾರಿಸುತ್ತಿರುವಂತಾಗುತ್ತದೆ. ಬಾಗಿಲ ಸ್ಪೀಕರುಗಳನ್ನು ಮಂದ್ರದ ಭಾರದಿಂದ ಬಿಡುಗಡೆ ಮಾಡುವುದೂ ಯುಕ್ತ. ಪ್ರತಿಯೊಂದರ ಪ್ಲಸ್ ವೈರಿಗೆ 470 ಮೈಕ್ರೋಫ್ಯಾರಡ್ಡಿನ, ಧ್ರುವರಹಿತವಾದ ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಿದರೆ 4 ಓಮಿನ ಸ್ಪೀಕರಿಗೆ ಸುಮಾರು 85 ಹರ್ಟ್ಸಿನ ಕೆಳಗಿನದು ಮೆಲ್ಲಮೆಲ್ಲನೆ ತಗ್ಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅತ್ಯಲ್ಪ ಬೆಲೆಗೆ ದೊರೆಯುವ ಈ ನಾಲ್ಕು ವಸ್ತುಗಳು ಮುದಿಯಾದ ಸ್ಪೀಕರುಗಳ ಕಂಠವನ್ನು ಎಷ್ಟು ತಿಳಿಗೊಳಿಸುತ್ತವೆಂಬುದನ್ನು ಕೇಳಿಯೇ ತಿಳಿಯಬೇಕು. ಆದರೆ ಸಬ್‌ವೂಫರಿನ ಕವಲು ಕೆಪಾಸಿಟರಿಗಿಂತ ಮೊದಲೇ, ಸೆಟ್ಟಿನ ಕಡೆಗೆ, ತೆಗೆದುದಾಗಿರಬೇಕು. ಕೊನೆಗೆ ‘ಫೇಸ್’ ಎಂಬ ಸ್ವಿಚ್ಚು: ಡ್ರೈವರಿನ ಸೀಟಿನಲ್ಲಿ ಕುಳಿತು, ಇನ್ನೊಬ್ಬರಿಗೆ ಅದನ್ನು 0ಗೂ 180ಕ್ಕೂ ಬದಲಾಯಿಸಲು ಹೇಳಿ, ಯಾವುದರಲ್ಲಿ ಮಂದ್ರವು ತುಂಬಿ ಬರುತ್ತದೆಯೋ ಅದನ್ನು ಉಳಿಸಿಕೊಳ್ಳಬೇಕು.

ಪರೀಕ್ಷೆಗೆ ಕಿವಿಗೆ ಚಿರಪರಿಚಿತವಾದ ಧ್ವನಿಮುದ್ರಣವೇ ಇರಲಿ. ತನಿ ಆವರ್ತನದಲ್ಲಿ ತೊಪ್ಪಿಯ ಏಟುಗಳು ಬೇರೆಬೇರೆಯಾಗಿ, ಸ್ಥಾಯಿಭೇದ ಸಹಿತ ಕೇಳಬೇಕು; ಎಲ್ಲವೂ ಒಂದೇ ಗುಂಯ್ ಎಂದಾದರೆ ಮಟ್ಟ ಹೆಚ್ಚಾಯಿತೆಂದೇ ಅರ್ಥ. ಡೊಳ್ಳುಕುಣಿತದ ಮುದ್ರಣವೊಂದು ಇದ್ದರೆ ಅದನ್ನೂ ಹಾಕಿ, ಆದರೆ ಮಟ್ಟವನ್ನು ಅದರಿಂದ ನಿರ್ಧರಿಸಬೇಡಿ. ಡೊಳ್ಳಿನ ಉತ್ಸಾಹದಲ್ಲಿ ಏರಿಸಿದ ಗುಬುಟು ವಾರ್ತೆ ಓದುವವನ ಕಂಠವನ್ನು ಬಾವಿಯೊಳಗಿಳಿಸುತ್ತದೆ.

ಇಷ್ಟಾದ ಮೇಲೆ ಹಳೆಯ ಕಾರು ತನ್ನದೇ ಆದ ವಾದ್ಯಮೇಳವನ್ನು ಆರಂಭಿಸುವುದುಂಟು: ನಂಬರ್ ಪ್ಲೇಟು ಗಲಗಲಿಸುತ್ತದೆ, ಹಿಂದಿನ ಪಾರ್ಸೆಲ್ ಹಲಗೆ ಕಟಕಟಿಸುತ್ತದೆ, ಡಿಕ್ಕಿಯಲ್ಲಿ ಜಾಕಿಯೂ ಸ್ಪ್ಯಾನರೂ ತಾಳ ಹಾಕುತ್ತವೆ. 30ರಿಂದ 80 ಹರ್ಟ್ಸಿನವರೆಗೆ ಮೆಲ್ಲನೆ ಏರುವ ನಾದವನ್ನು ಹಾಕಿ, ಒಬ್ಬರು ಕೈಯಿಂದ ಒಂದೊಂದನ್ನೇ ಒತ್ತಿ ಹಿಡಿಯುತ್ತ ಹೋದರೆ ಅಪರಾಧಿ ಸಿಕ್ಕುತ್ತದೆ. ನಂಬರ್ ಪ್ಲೇಟಿನ ಹಿಂದೆ ರಬ್ಬರಿನ ಚೂರು, ಡಿಕ್ಕಿಯ ಮುಚ್ಚಳದ ತಗಡಿಗೆ ಬ್ಯುಟೈಲ್ ಹಾಳೆ, ಜಾಕಿಗೆ ಹಳೆಯ ಟವಲು. ಹೊರಗಿನವರ ದೃಷ್ಟಿಯಿಂದಲೂ ಇದು ಅಗತ್ಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ಸರ್ಕಾರವು ನಿಶ್ಶಬ್ದವಲಯವೆಂದು ಘೋಷಿಸಬಹುದು. ಮಂದ್ರದ ಅಲೆಗಳನ್ನು ಗಾಜೂ ಗೋಡೆಯೂ ತಡೆಯಲಾರವಾದ್ದರಿಂದ, ನಿಮಗೆ ಹಿತವೆನ್ನಿಸಿದ್ದು ಪಕ್ಕದ ಮನೆಯ ಮಂಚಕ್ಕೆ ತಲಪುವುದು ಬಹಳ ಸುಲಭ.

ವಿಮೆಯ ಪಾಲಿಸಿಯನ್ನು ನವೀಕರಿಸುವಾಗ ಹೊಸದಾಗಿ ಕೂಡಿಸಿದ ಉಪಕರಣಗಳ ಬೆಲೆಯನ್ನು ರಸೀತಿಯೊಡನೆ ನಮೂದಿಸುವುದನ್ನು ಮರೆಯಬಾರದು. ಮತ್ತು ಕೆಲಸ ಮುಗಿದು ತಿಂಗಳೊಂದು ಕಳೆದ ಮೇಲೆ ಬಾನೆಟ್ಟನ್ನು ಎತ್ತಿ ಬ್ಯಾಟರಿಯ ಟರ್ಮಿನಲ್ಲನ್ನೂ ಫ್ಯೂಸಿನ ಹಿಡಿಕೆಯನ್ನೂ ಡಿಕ್ಕಿಯ ಅರ್ಥ್ ಬೋಲ್ಟನ್ನೂ ಒಮ್ಮೆ ಸ್ಪ್ಯಾನರಿನಿಂದ ಬಿಗಿಸಿ, ಅರ್ಧ ಗಂಟೆ ಸಂಗೀತ ಹಾಕಿದ ಬಳಿಕ ಆ ಮೂರು ಕಡೆಯೂ ಕೈಯಿಟ್ಟು ನೋಡಿ. ಎಲ್ಲಿ ಬಿಸಿ ತಗಲುವುದೋ ಅಲ್ಲಿ ಸಂಪರ್ಕ ಸಡಿಲವಾಗಿದೆ, ಅದನ್ನು ಬಿಚ್ಚಿ, ಕೆರೆದು, ಹೊಸದಾಗಿ ಕಟ್ಟಬೇಕು.